ಭೇದಾಭೇದಗಳನ್ನರಿತ ಯಂತ್ರಶಿಲ್ಪಿ ಹಾನ್ಸ್ ಪೀಟರ್ ಲೂನ್

ಗ್ರಂಥವನ್ನು ರಚಿಸುವುದು ಒಂದು ವಿದ್ಯೆಯಾದರೆ, ರಚಿತವಾದ ಗ್ರಂಥರಾಶಿಯಲ್ಲಿ ಬೇಕಾದ ಪದವನ್ನು ಬೇಕಾದ ಕ್ಷಣದಲ್ಲಿ ಕಂಡುಕೊಳ್ಳುವುದು ಮತ್ತೊಂದು ವಿದ್ಯೆ. ನಮ್ಮ ಹಿರಿಯರು ಈ ಎರಡನೆಯ ವಿದ್ಯೆಯನ್ನು ಕಂಠಪಾಠದಿಂದ ಸಾಧಿಸಿದ್ದರು. ಅಮರಕೋಶವನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವನಿಗೆ ಪುಟ ತಿರುವಿ ಹುಡುಕುವ ಶ್ರಮವಿರಲಿಲ್ಲ. ಅರ್ಥಾನುಸಾರವಾಗಿ ವರ್ಗವರ್ಗಗಳಲ್ಲಿ ಹಂಚಿಕೊಂಡಿದ್ದ ಪದಗಳು ಕರೆದೊಡನೆ ನಾಲಗೆಯ ಮೇಲೆ ಬಂದು ನಿಲ್ಲುತ್ತಿದ್ದವು. ಆದರೆ ಅಚ್ಚಿನ ಯಂತ್ರವು ಬಂದು ಗ್ರಂಥಗಳು ಸಾವಿರ ಲಕ್ಷಗಳಾಗಿ ಬೆಳೆದ ಮೇಲೆ ಒಬ್ಬ ಮನುಷ್ಯನ ಧಾರಣಶಕ್ತಿ ಆ ಭಾರಕ್ಕೆ ಸಾಲದಾಯಿತು. ಆ ಭಾರವನ್ನು ಯಂತ್ರದ ಹೆಗಲಿಗೆ ದಾಟಿಸಿದ ಮಹನೀಯರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಕೀರ್ತಿಶೇಷರಾದ ಹಾನ್ಸ್ ಪೀಟರ್ ಲೂನರು ಅಗ್ರಗಣ್ಯರು.

ಕನ್ನಡ ಪಂಡಿತನಾದ ನನಗೆ ಈ ಮಹನೀಯರ ಪರಿಚಯವಾದುದು ಪ್ರಕೃತ ಸಂಪುಟದ ಸಿದ್ಧತೆಯ ಕಾಲದಲ್ಲಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಯಾದಿಯನ್ನು ಗಣಕಯಂತ್ರದಲ್ಲಿ ಆಂಗ್ಲ ಲಿಪಿಯಲ್ಲಿ ತುಂಬಲಾಗಿತ್ತು. ಹೆಸರು ಹುಡುಕುವ ಪ್ರೋಗ್ರಾಮನ್ನು ನಮ್ಮ ವಿದ್ಯಾರ್ಥಿಗಳೇ ಉತ್ಸಾಹದಿಂದ ಬರೆದಿದ್ದರು. ಹಿಂದೆ ಕೊಠಡಿ ಕಟ್ಟಿಸಿಕೊಟ್ಟ ಹಿರಿಯ ದಾನಿಗಳೊಬ್ಬರ ಹೆಸರನ್ನು ಕೇಳಿದರೆ ಯಂತ್ರವು ಅಂಥವರಿಲ್ಲವೆಂದು ಉತ್ತರಿಸಿತು. ಹಳೆಯ ದಾಖಲೆ ಪುಸ್ತಕದಲ್ಲಿಯಾದರೋ ಅವರ ಹೆಸರು ದುಂಡಾದ ಅಕ್ಷರಗಳಲ್ಲಿ ಇದ್ದೇ ಇತ್ತು. ಶೋಧಿಸಿ ನೋಡಲಾಗಿ, ಯಾದಿಯಲ್ಲಿ ಆ ಹೆಸರು ಪೂರ್ತಿಯಾಗಿ ಆಂಗ್ಲದ ದೊಡ್ಡಕ್ಷರಗಳಲ್ಲಿತ್ತು, ಹುಡುಕಿದವರು ಚಿಕ್ಕಕ್ಷರಗಳಲ್ಲಿ ಕೇಳಿದ್ದರು. ಅಷ್ಟು ಮಾತ್ರದಿಂದ ಉಪಕಾರಿಗಳೊಬ್ಬರ ಹೆಸರು ಈ ಸಂಪುಟದಿಂದ ಬಿಟ್ಟುಹೋಗುವುದರಲ್ಲಿತ್ತು. ಗಣಕವಿಜ್ಞಾನವನ್ನು ಬೋಧಿಸುವ ನಮ್ಮ ಕಿರಿಯ ಸಹೋದ್ಯೋಗಿಗಳು ಆ ದೋಷವನ್ನು ಒಂದೇ ಸಾಲಿನಿಂದ ತಿದ್ದಿ, ಹುಡುಕುವ ವಿದ್ಯೆಯ ಮೂಲವನ್ನು ವಿವರಿಸುತ್ತ ಲೂನರ ಹೆಸರನ್ನು ಹೇಳಿದರು. ಅಂದಿನಿಂದ ಅವರ ಚರಿತ್ರೆಯನ್ನು ಕೇಳಿ, ಓದಿ, ತಿಳಿದಷ್ಟನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಲೂನರು ೧೮೯೬ನೆಯ ಇಸವಿ ಜುಲೈ ೧ರಂದು ಜರ್ಮನಿಯ ಬಾರ್ಮೆನ್ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ವುಪರ್ಟಾಲ್ ನಗರದೊಳಗೆ ಸೇರಿಹೋಗಿದೆ. ತಂದೆಯವರು ಮುದ್ರಣಕಲೆಯಲ್ಲಿ ನುರಿತವರಾಗಿದ್ದರು. ಹೀಗಾಗಿ ಅಚ್ಚುಮೊಳೆಗಳ ನಡುವೆಯೇ ಬಾಲಕನ ಕಣ್ಣು ತೆರೆಯಿತೆಂದರೆ ತಪ್ಪಾಗದು. ಆಂಗ್ಲ ಮುದ್ರಣಾಲಯಗಳಲ್ಲಿ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಕೇಸಿನಲ್ಲಿಯೂ ಚಿಕ್ಕಕ್ಷರದ ಮೊಳೆಗಳನ್ನು ಕೆಳಗಿನ ಕೇಸಿನಲ್ಲಿಯೂ ಇಡುವ ರೂಢಿಯಿತ್ತು; ಗಣಕದವರು ಇಂದಿಗೂ ಅಪ್ಪರ್ ಕೇಸ್, ಲೋಯರ್ ಕೇಸ್ ಎಂದು ಕರೆಯುವುದು ಆ ಮರದ ಪೆಟ್ಟಿಗೆಗಳನ್ನೇ. ಮುದ್ರಕರ ಮಗನಾಗಿ ಹುಟ್ಟಿದವರೇ ಮುಂದೆ ಯಂತ್ರಕ್ಕೆ ಪದಗಳನ್ನು ಹುಡುಕಲು ಕಲಿಸಿದರೆಂಬುದು ಆಲೋಚಿಸತಕ್ಕ ಯೋಗಾಯೋಗ.

ಮನೆತನದ ಉದ್ಯೋಗವನ್ನು ಮುಂದುವರಿಸುವ ಉದ್ದೇಶದಿಂದ ತರುಣ ಲೂನರು ಮುದ್ರಣವಿದ್ಯೆಯನ್ನು ಅಭ್ಯಾಸ ಮಾಡಲು ಸ್ವಿಟ್ಜರ್‌ಲೆಂಡಿಗೆ ತೆರಳಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಒದಗಿತು. ಜರ್ಮನ್ ಸೈನ್ಯದ ಸಂಪರ್ಕ ವಿಭಾಗದಲ್ಲಿ ಅವರು ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಯುದ್ಧವು ಮುಗಿದ ಮೇಲೆ ಮನಸ್ಸು ಮುದ್ರಣಾಲಯದಿಂದ ಬಟ್ಟೆಯ ಉದ್ಯಮದ ಕಡೆಗೆ ಹೊರಳಿ, ೧೯೨೪ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದು ನೆಲೆಸಿದರು.

ಅಲ್ಲಿ ಅವರ ಪ್ರತಿಭೆಗೆ ಮೊದಲ ಫಲ ದೊರೆತುದು ಬಟ್ಟೆಯ ಮೇಲೆಯೇ. ನೇಯ್ದ ವಸ್ತ್ರದ ಒಂದಂಗುಲದಲ್ಲಿ ಎಷ್ಟು ಎಳೆಗಳಿವೆಯೆಂಬುದನ್ನು ಭೂತಗನ್ನಡಿಯಡಿಯಲ್ಲಿ ಒಂದೊಂದಾಗಿ ಎಣಿಸಬೇಕಾಗಿದ್ದ ಕಾಲವದು. ಲೂನರು ೧೯೨೭ರ ಸುಮಾರಿಗೆ ರೇಖೆಗಳನ್ನು ಕೊರೆದ ಒಂದು ಪಾರದರ್ಶಕ ಫಲಕವನ್ನು ರೂಪಿಸಿದರು. ಅದನ್ನು ಬಟ್ಟೆಯ ಮೇಲಿಟ್ಟರೆ ಎಳೆಗಳೂ ರೇಖೆಗಳೂ ಹೆಣೆದುಕೊಂಡು ಒಂದು ನೆರಳಿನ ಆಕೃತಿ ಮೂಡುತ್ತಿತ್ತು. ಆ ಆಕೃತಿಯು ತಾನೇ ಸಂಖ್ಯೆಯನ್ನು ಸೂಚಿಸುತ್ತಿತ್ತು. ಲೂನೋಮೀಟರ್ ಎಂಬ ಹೆಸರಿನ ಈ ಸಾಧನವು ದಶಕಗಳ ಕಾಲ ಬಟ್ಟೆಯ ಉದ್ಯಮದಲ್ಲಿ ಬಳಕೆಯಾಯಿತು. ಒಂದೊಂದನ್ನೂ ಎಣಿಸದೆಯೇ ಎಣಿಕೆಯನ್ನು ತಿಳಿಯಬೇಕು, ಒಂದೊಂದನ್ನೂ ನೋಡದೆಯೇ ಬೇಕಾದುದನ್ನು ತಲುಪಬೇಕು ಎಂಬುದು ಅವರ ಬುದ್ಧಿಯ ಸಹಜ ಗತಿಯಾಗಿತ್ತು. ಮಳೆಯಂಗಿಯಿಂದ ಮೊದಲ್ಗೊಂಡು ಗಣಕಸಾಧನಗಳವರೆಗೆ ಜೀವಮಾನದಲ್ಲಿ ಅವರು ಪಡೆದ ಪೇಟೆಂಟುಗಳು ೮೦ಕ್ಕೂ ಮಿಕ್ಕಿದ್ದವು.

೧೯೪೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಅವರನ್ನು ಹಿರಿಯ ಸಂಶೋಧನ ಎಂಜಿನಿಯರನ್ನಾಗಿ ಬರಮಾಡಿಕೊಂಡಿತು. ಆಗ ಅವರ ವಯಸ್ಸು ೪೫ರ ಹೊಸ್ತಿಲಲ್ಲಿತ್ತು. ಲೋಕವು ಅವರನ್ನು ಇಂದು ಯಾವ ಕಾರ್ಯಗಳಿಗಾಗಿ ಸ್ಮರಿಸುತ್ತಿದೆಯೋ ಅವೆಲ್ಲವೂ ಆ ಬಳಿಕ, ಬಹುಪಾಲು ಐವತ್ತು ದಾಟಿದ ಮೇಲೆ, ನಡೆದವು. ವಯಸ್ಸಾಯಿತೆಂದು ಲೇಖನಿಯನ್ನು ಕೆಳಗಿಡುವ ನಮ್ಮಂಥ ಉಪಾಧ್ಯಾಯರು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯಿದು.

೧೯೪೭ರಲ್ಲಿ ಜೇಮ್ಸ್ ಪೆರಿ ಮತ್ತು ಮಾಲ್ಕಮ್ ಡೈಸನ್ ಎಂಬ ರಸಾಯನಶಾಸ್ತ್ರಜ್ಞರು ಆ ಸಂಸ್ಥೆಯ ನೆರವನ್ನು ಬಯಸಿ ಬಂದರು. ರಾಸಾಯನಿಕ ಸಂಯುಕ್ತಗಳ ವಿವರಗಳು ಲಕ್ಷಗಟ್ಟಲೆಯಾಗಿ ಬೆಳೆದಿದ್ದವು. ಒಂದೇ ವಸ್ತುವಿಗೆ ಒಂದು ದೇಶದಲ್ಲಿ ಒಂದು ಹೆಸರು, ಮತ್ತೊಂದು ಗ್ರಂಥದಲ್ಲಿ ಇನ್ನೊಂದು ಹೆಸರು. ಹೆಸರು ಹಲವಾದರೂ ವಸ್ತು ಒಂದೇ ಎಂಬುದನ್ನು ಗುರುತಿಸಿ ಹುಡುಕಿಕೊಡುವ ಯಂತ್ರ ಅವರಿಗೆ ಬೇಕಾಗಿತ್ತು. ಲೂನರು ಈ ಕಾರ್ಯವನ್ನು ವಹಿಸಿಕೊಂಡು, ರಂಧ್ರ ಕೊರೆದ ಕಾರ್ಡುಗಳನ್ನು ಬೆಳಕಿನ ಸಹಾಯದಿಂದ ಪರಿಶೀಲಿಸುವ ಯಂತ್ರವನ್ನು ನಿರ್ಮಿಸಿದರು. ಅದು ಲೂನ್ ಸ್ಕ್ಯಾನರ್ ಎಂದೇ ಪ್ರಸಿದ್ಧವಾಯಿತು. ಅಲ್ಲಿಂದ ಮುಂದೆ ಹುಡುಕುವ ವಿದ್ಯೆಯೇ ಅವರ ಜೀವನದ ಕಾಯಕವಾಯಿತು.

ಅವರ ಸಾಧನೆಗಳಲ್ಲಿ ಮೊದಲು ಎಣಿಸತಕ್ಕುದು ೧೯೫೩ನೆಯ ಇಸವಿ ಜನವರಿಯಲ್ಲಿ ಸಂಸ್ಥೆಯ ಒಳಬಳಕೆಗೆಂದು ಬರೆದ ಒಂದು ಟಿಪ್ಪಣಿ. ಅದರ ತಿರುಳನ್ನು ನಮ್ಮ ಅನುಭವದ ದೃಷ್ಟಾಂತದಿಂದ ತಿಳಿಯಬಹುದು. ಹತ್ತು ಸಾವಿರ ವಿದ್ಯಾರ್ಥಿಗಳ ಚೀಟಿಗಳು ಒಂದೇ ರಾಶಿಯಲ್ಲಿದ್ದರೆ ಒಂದು ಹೆಸರಿಗಾಗಿ ರಾಶಿಯನ್ನೆಲ್ಲ ಕೆದಕಬೇಕಾದೀತು. ನೂರು ಖಾನೆಗಳ ಬೀರುವೊಂದನ್ನು ಮಾಡಿ, ಹೆಸರಿನ ಅಕ್ಷರಗಳಿಗೆ ಸಂಖ್ಯೆಗಳನ್ನು ಕೊಟ್ಟು ಕೂಡಿಸಿ, ಬಂದ ಮೊತ್ತದ ಕೊನೆಯ ಎರಡು ಅಂಕಿಗಳು ಯಾವ ಖಾನೆಯನ್ನು ಸೂಚಿಸುವುವೋ ಅಲ್ಲಿ ಚೀಟಿಯನ್ನು ಇಟ್ಟರೆ, ಹುಡುಕುವವನೂ ಅದೇ ಲೆಕ್ಕವನ್ನು ಮಾಡಿ ನೇರವಾಗಿ ಆ ಖಾನೆಗೆ ಕೈಹಾಕಬಹುದು. ಒಂದೇ ಖಾನೆಗೆ ಹಲವು ಚೀಟಿಗಳು ಬಂದರೆ ಅವುಗಳನ್ನು ಸರಪಣಿಯಂತೆ ಒಂದಕ್ಕೊಂದು ಕೊಂಡಿ ಹಾಕಿಟ್ಟರಾಯಿತು. ಖಾನೆಗಳು ಸಾಕಷ್ಟಿದ್ದು ಚೀಟಿಗಳು ಸಮನಾಗಿ ಹಂಚಿಹೋದಲ್ಲಿ, ಯಾದಿಯು ದೊಡ್ಡದಾದರೂ ಹುಡುಕುವ ಶ್ರಮ ಹೆಚ್ಚುವುದಿಲ್ಲ. ಹ್ಯಾಶಿಂಗ್ ಎಂಬ ಹೆಸರು ಈ ಉಪಾಯಕ್ಕೆ ಅನಂತರ ಬಂದಿತು. ಅದೇ ಕಾಲದಲ್ಲಿ ಅಮೆರಿಕದ ಇತರ ಎಂಜಿನಿಯರರೂ ಇದನ್ನು ಹೋಲುವ ಮಾರ್ಗವನ್ನು ಸ್ವತಂತ್ರವಾಗಿ ಕಂಡುಕೊಂಡರೆಂಬುದು ನಿಜ. ಆದರೆ ಕೊಂಡಿ ಹಾಕುವ ಈ ಕ್ರಮದ ಮೊದಲ ಬರೆಹವೆಂಬ ಗೌರವವು ಲೂನರ ಟಿಪ್ಪಣಿಗೇ ಸಲ್ಲುತ್ತದೆ. ಇಂದು ಗಣಕಗಳಲ್ಲಿ ಯಾದಿಗಳನ್ನು ಕ್ಷಿಪ್ರವಾಗಿ ಹುಡುಕುವ ಅಸಂಖ್ಯ ಪ್ರೋಗ್ರಾಮುಗಳು ಈ ಉಪಾಯವನ್ನು ಅವಲಂಬಿಸಿವೆ.

ಎರಡನೆಯ ಸಾಧನೆ ಪದಸೂಚಿಗೆ ಸಂಬಂಧಿಸಿದುದು. ೧೯೫೮ರಲ್ಲಿ ಲೂನರು ಲೇಖನಗಳ ಶೀರ್ಷಿಕೆಗಳಿಂದ ಯಂತ್ರವೇ ಸೂಚಿಯನ್ನು ಸಿದ್ಧಪಡಿಸುವ ಕ್ರಮವನ್ನು ಪ್ರಕಟಪಡಿಸಿದರು. ಶೀರ್ಷಿಕೆಯಲ್ಲಿನ ಒಂದೊಂದು ಮುಖ್ಯ ಪದವನ್ನೂ ಸಾಲಿನ ಮಧ್ಯಕ್ಕೆ ತಂದು, ಅಕ್ಕಪಕ್ಕದ ಪದಗಳನ್ನು ಹಾಗೆಯೇ ಉಳಿಸಿ, ಅಕಾರಾದಿಯಾಗಿ ಜೋಡಿಸುವುದು ಆ ಕ್ರಮ. ಓದುಗನು ಪದವನ್ನೂ ಅದರ ಸಂದರ್ಭವನ್ನೂ ಒಂದೇ ನೋಟದಲ್ಲಿ ಕಾಣುವನು. ಆಂಗ್ಲಭಾಷೆಯ ಉಪಪದಗಳೂ ಸಂಬಂಧಸೂಚಕ ಪದಗಳೂ ಎಲ್ಲ ಶೀರ್ಷಿಕೆಗಳಲ್ಲಿಯೂ ಬರುವುದರಿಂದ ಅವುಗಳನ್ನು ಸೂಚಿಯಿಂದ ಬಿಟ್ಟರು. ಕ್ವಿಕ್ ಎಂಬ ಸಂಕ್ಷಿಪ್ತನಾಮದಿಂದ ಖ್ಯಾತವಾದ ಈ ಸೂಚಿಯನ್ನು ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸಂಸ್ಥೆಯು ೧೯೬೧ರಲ್ಲಿ ಆರಂಭಿಸಿದ ಕೆಮಿಕಲ್ ಟೈಟಲ್ಸ್ ಎಂಬ ಪತ್ರಿಕೆಯಲ್ಲಿ ಬಳಸಿತು. ಅದೇ ೧೯೫೮ರಲ್ಲಿ ಲೇಖನದ ಸಾರಾಂಶವನ್ನು ಯಂತ್ರದಿಂದ ತೆಗೆಸುವ ಮಾರ್ಗವನ್ನೂ ಲೂನರು ತೋರಿದರು. ಅತಿಯಾಗಿ ಬರುವ ಪದಗಳನ್ನೂ ಅತಿ ವಿರಳವಾಗಿ ಬರುವ ಪದಗಳನ್ನೂ ಬಿಟ್ಟು, ನಡುವಿನ ಪದಗಳು ಯಾವ ವಾಕ್ಯದಲ್ಲಿ ಒತ್ತಾಗಿ ಕೂಡಿಬರುವುವೋ ಆ ವಾಕ್ಯವನ್ನು ಆಯ್ದುಕೊಳ್ಳುವುದು ಅದರ ತತ್ತ್ವ.

ಬಿಡುವುದನ್ನು ಕಲಿಸಿದ ಈ ಪುರುಷರೇ ಬಿಡಬಾರದುದನ್ನೂ ಕಲಿಸಿದರು. ಉದ್ದವಾದ ಸಂಖ್ಯೆಯನ್ನು ಬರೆಯುವಾಗ ಒಂದು ಅಂಕಿ ತಪ್ಪುವುದು, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗುವುದು ಮನುಷ್ಯಸಹಜ. ಅಂಥ ತಪ್ಪನ್ನು ಹಿಡಿಯುವ ಕೈಯಳತೆಯ ಸಾಧನವೊಂದಕ್ಕೆ ಲೂನರು ೧೯೫೪ರಲ್ಲಿ ಪೇಟೆಂಟನ್ನು ಕೋರಿದರು. ೧೯೬೦ರಲ್ಲಿ ಅದು ದೊರೆಯಿತು. ಮೂಲಸಂಖ್ಯೆಯ ಬಲಕೊನೆಯಿಂದ ಹೊರಟು ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ, ಇಮ್ಮಡಿಯು ಎರಡಂಕಿಯಾದರೆ ಆ ಅಂಕಿಗಳನ್ನು ಕೂಡಿಸಿ, ಎಲ್ಲದರ ಮೊತ್ತವು ಹತ್ತರಿಂದ ಭಾಗವಾಗುವಂತೆ ಕೊನೆಯಲ್ಲಿ ಒಂದು ಕಾವಲು ಅಂಕಿಯನ್ನು ಸೇರಿಸುವುದು ಅದರ ವಿಧಾನ. ೧೯೬೪ ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ೪ರ ಇಮ್ಮಡಿ ೮. ೬ ಹಾಗೆಯೇ ೬. ೯ರ ಇಮ್ಮಡಿ ೧೮, ಅದರ ಅಂಕಿಗಳ ಮೊತ್ತ ೯. ೧ ಹಾಗೆಯೇ ೧. ಒಟ್ಟು ೨೪. ಅದನ್ನು ೩೦ ಮಾಡಲು ೬ ಬೇಕು. ಆದುದರಿಂದ ಪೂರ್ಣಸಂಖ್ಯೆ ೧೯೬೪೬. ಬರೆಯುವವನು ಕೈತಪ್ಪಿ ೧೯೪೬೬ ಎಂದು ಬರೆದರೆ ಮೊತ್ತವು ಹತ್ತರಿಂದ ಭಾಗವಾಗದೆ ತಪ್ಪು ಕೂಡಲೇ ಬಯಲಾಗುತ್ತದೆ. ಸೊನ್ನೆಯೂ ಒಂಬತ್ತೂ ಅದಲುಬದಲಾದರೆ ಮಾತ್ರ ಈ ಕಾವಲು ಅದನ್ನು ಹಿಡಿಯಲಾರದು. ಬ್ಯಾಂಕುಗಳ ಕ್ರೆಡಿಟ್ ಕಾರ್ಡಿನ ಸಂಖ್ಯೆಯ ಕೊನೆಯ ಅಂಕಿಯೂ, ನಮ್ಮ ಜೇಬಿನಲ್ಲಿರುವ ಮೊಬೈಲಿನ ೧೫ ಅಂಕಿಗಳ ಗುರುತುಸಂಖ್ಯೆಯ ಕೊನೆಯ ಅಂಕಿಯೂ ಈ ಲೂನ್ ವಿಧಾನದಿಂದಲೇ ಬಂದವು.

ಇನ್ನು ದೊಡ್ಡಕ್ಷರ ಚಿಕ್ಕಕ್ಷರಗಳ ವಿಷಯ. ಲೂನರು ದುಡಿದ ಕಾಲದ ಕಾರ್ಡುಗಳಲ್ಲಿಯೂ ಮುದ್ರಣಯಂತ್ರಗಳಲ್ಲಿಯೂ ಸಾಮಾನ್ಯವಾಗಿ ದೊಡ್ಡಕ್ಷರಗಳು ಮಾತ್ರ ಇದ್ದವು. ಒಂದು ಅಕ್ಷರಕ್ಕೆ ಒಂದೇ ರೂಪವಿದ್ದುದರಿಂದ ರೂಪಭೇದದ ತೊಡಕು ಹುಟ್ಟಲು ಅವಕಾಶವೇ ಇರಲಿಲ್ಲ. ಆಸ್ಕಿ ಎಂಬ ಅಮೆರಿಕದ ಅಕ್ಷರಸಂಕೇತವು ೧೯೬೩ರಲ್ಲಿ ಮೊದಲು ಪ್ರಕಟವಾದಾಗಲೂ ಅದರಲ್ಲಿ ಚಿಕ್ಕಕ್ಷರಗಳಿರಲಿಲ್ಲ. ೧೯೬೭ರ ಪರಿಷ್ಕರಣದಲ್ಲಿ ಅವು ಸೇರಿದವು. ಆಗ ಆಂಗ್ಲದ ಮೊದಲನೆಯ ದೊಡ್ಡಕ್ಷರಕ್ಕೆ ೬೫, ಅದೇ ಚಿಕ್ಕಕ್ಷರಕ್ಕೆ ೯೭, ಹೀಗೆ ಪ್ರತಿಯೊಂದು ಜೋಡಿಗೂ ೩೨ರ ಅಂತರವನ್ನು ಇಟ್ಟರು. ಕಣ್ಣಿಗೂ ಕಿವಿಗೂ ಒಂದೇ ಆದ ಅಕ್ಷರವು ಯಂತ್ರಕ್ಕೆ ಎರಡಾಯಿತು.

ಇದರ ಪರಿಣಾಮವನ್ನು ಲೂನರ ಖಾನೆಗಳಲ್ಲಿಯೇ ನೋಡಬಹುದು. ಬಸವ ಎಂಬ ಹೆಸರನ್ನು ಆಂಗ್ಲದ ಆರು ದೊಡ್ಡಕ್ಷರಗಳಲ್ಲಿ ಬರೆದು ಆಸ್ಕಿ ಸಂಖ್ಯೆಗಳನ್ನು ಕೂಡಿಸಿದರೆ ೪೩೦. ಚೀಟಿ ೩೦ನೆಯ ಖಾನೆಗೆ ಹೋಗುತ್ತದೆ. ಮೊದಲಕ್ಷರವನ್ನು ಮಾತ್ರ ದೊಡ್ಡದಾಗಿ ಬರೆದರೆ ೫೯೦, ಖಾನೆ ೯೦. ಎಲ್ಲವನ್ನೂ ಚಿಕ್ಕದಾಗಿ ಬರೆದರೆ ೬೨೨, ಖಾನೆ ೨೨. ಒಬ್ಬನೇ ವ್ಯಕ್ತಿ ಮೂರು ಮನೆಗಳಲ್ಲಿ ಹಂಚಿಹೋದ! ಪರಿಹಾರವು ಸುಲಭ. ಯಾದಿಯಲ್ಲಿರುವ ಹೆಸರನ್ನೂ ಹುಡುಕುವ ಹೆಸರನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಂಡು, ಅನಂತರ ಹೋಲಿಸಬೇಕು. ಒಂದು ಪಕ್ಷವನ್ನು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಮೂಲಯಾದಿಯನ್ನು ಕೆಡಿಸುವ ಅಗತ್ಯವೂ ಇಲ್ಲ. ಹೋಲಿಕೆಗಾಗಿ ಬೇರೆ ಪ್ರತಿಯನ್ನು ಮಾಡಿಕೊಂಡು, ಮುದ್ರಿಸುವಾಗ ಬರೆದವರು ಬರೆದಂತೆಯೇ ಮುದ್ರಿಸಬಹುದು. ನಮ್ಮ ಸಹೋದ್ಯೋಗಿಗಳು ಸೇರಿಸಿದ ಆ ಒಂದು ಸಾಲಿನ ಅರ್ಥವಿಷ್ಟೆ.

ಆದರೆ ಎಲ್ಲ ಭೇದಗಳನ್ನೂ ಅಳಿಸಿಬಿಡುವುದು ಜಾಣತನವಲ್ಲ. ಲೂನರ ಮಾತೃಭಾಷೆಯಾದ ಜರ್ಮನ್ನಿನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಆರಂಭವಾಗುತ್ತವೆ. ಎಸ್ಸೆನ್ ಎಂಬ ಪದವನ್ನು ಚಿಕ್ಕಕ್ಷರದಿಂದ ಬರೆದರೆ ತಿನ್ನುವುದೆಂಬ ಕ್ರಿಯೆ. ದೊಡ್ಡಕ್ಷರದಿಂದ ಬರೆದರೆ ಊಟ, ಅಥವಾ ಆ ಹೆಸರಿನ ನಗರ. ತುರ್ಕಿ ಭಾಷೆಯಲ್ಲಿ ಚುಕ್ಕೆಯುಳ್ಳ ಇಕಾರವೂ ಚುಕ್ಕೆಯಿಲ್ಲದ ಇಕಾರವೂ ಬೇರೆ ಬೇರೆ ಅಕ್ಷರಗಳು. ಆಂಗ್ಲದ ನಿಯಮವನ್ನೇ ಅಲ್ಲಿಗೂ ಅನ್ವಯಿಸಿದರೆ ಪದ ಕೆಡುತ್ತದೆ.

ನಮ್ಮ ಕನ್ನಡಕ್ಕೆ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲವೆಂದು ನಿಶ್ಚಿಂತರಾಗಿರಲು ಬಾರದು. ಶಂಕರ ಎಂದು ಅನುಸ್ವಾರದಿಂದ ಬರೆದರೂ ಶಙ್ಕರ ಎಂದು ಅನುನಾಸಿಕದಿಂದ ಬರೆದರೂ ನಮಗೆ ಶಬ್ದವೊಂದೇ, ಯಂತ್ರಕ್ಕೆ ಎರಡು. ಸೂರ್ಯ ಶಬ್ದದ ರಕಾರವನ್ನು ಅರ್ಕಾವೊತ್ತಾಗಿ ಬರೆಯುವುದುಂಟು, ಪೂರ್ಣ ರಕಾರಕ್ಕೆ ಯಕಾರವನ್ನು ಒತ್ತಾಗಿ ಕೊಟ್ಟು ಬರೆಯುವುದೂ ಉಂಟು. ಎರಡನೆಯ ರೂಪವನ್ನು ಗಣಕದಲ್ಲಿ ಮೂಡಿಸಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸುವುದರಿಂದ ಅಲ್ಲಿಯೂ ಹುಡುಕಾಟ ತಪ್ಪುತ್ತದೆ. ಇಂಥ ಭೇದಗಳನ್ನು ಹೋಲಿಕೆಯ ಕಾಲದಲ್ಲಿ ಅವಶ್ಯವಾಗಿ ಬಿಡಬೇಕು. ಆದರೆ ಅದೇ ಉತ್ಸಾಹದಲ್ಲಿ ಲಕಾರ ಳಕಾರಗಳನ್ನೂ ಒಂದಾಗಿಸಿದರೆ ಹುಲಿಯೂ ಹುಳಿಯೂ ಒಂದೇ ಆದೀತು. ಯಾವ ಭೇದವು ಬರೆಹದ ಉಡುಪು, ಯಾವ ಭೇದವು ಪದದ ಪ್ರಾಣ ಎಂಬುದನ್ನು ಭಾಷೆಯನ್ನು ಬಲ್ಲವರೇ ಹೇಳಬೇಕಲ್ಲದೆ ಯಂತ್ರವು ತಾನಾಗಿ ಹೇಳಲಾರದು. ಈ ಕಾರಣದಿಂದ ಗಣಕದ ಉಪಾಧ್ಯಾಯರಿಗೂ ವ್ಯಾಕರಣದ ಉಪಾಧ್ಯಾಯರಿಗೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವ ಕಾಲವು ಬಂದಿದೆಯೆಂದು ನಾನು ತಿಳಿಯುತ್ತೇನೆ.

ಲೂನರು ೧೯೬೧ರಲ್ಲಿ ಐ.ಬಿ.ಎಂ. ಸಂಸ್ಥೆಯಿಂದ ನಿವೃತ್ತರಾದರು. ಗ್ರಂಥ ಮತ್ತು ದಾಖಲೆಗಳ ವ್ಯವಸ್ಥೆಯಲ್ಲಿ ನಿರತರಾದ ವಿದ್ವಾಂಸರ ಸಂಘವಾದ ಅಮೆರಿಕನ್ ಡಾಕ್ಯುಮೆಂಟೇಶನ್ ಇನ್‌ಸ್ಟಿಟ್ಯೂಟಿನ ಅಧ್ಯಕ್ಷಪದವಿ ಅವರಿಗೆ ೧೯೬೪ರಲ್ಲಿ ದೊರೆಯಿತು. ಆದರೆ ಆ ವರ್ಷವೇ ಆಗಸ್ಟ್ ೧೯ರಂದು, ತಮ್ಮ ೬೮ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ಆರ್ಮೊಂಕಿನಲ್ಲಿ ರಕ್ತದ ಕ್ಯಾನ್ಸರಿನಿಂದ ದಿವಂಗತರಾದರು. ಆಸ್ಕಿಯಲ್ಲಿ ಚಿಕ್ಕಕ್ಷರಗಳು ಸೇರಿದುದನ್ನು ನೋಡಲು ಅವರು ಉಳಿಯಲಿಲ್ಲ. ಜಗತ್ತಿನ ಬರೆಹವೆಲ್ಲ ಗಣಕದೊಳಗೆ ಬಂದು, ಮನೆಮನೆಯ ಮಕ್ಕಳೂ ಕ್ಷಣಮಾತ್ರದಲ್ಲಿ ಪದಗಳನ್ನು ಹುಡುಕುವ ದಿನಗಳನ್ನೂ ಕಾಣಲಿಲ್ಲ. ಅವರು ಹಾಕಿದ ತಳಹದಿ ಮಾತ್ರ ನಿಂತಿದೆ.

ಯಾದಿಯೆಂಬುದು ಬರಿಯ ಹೆಸರುಗಳ ಸಾಲಲ್ಲ. ಪ್ರತಿಯೊಂದು ಹೆಸರಿನ ಹಿಂದೆಯೂ ಒಬ್ಬ ವ್ಯಕ್ತಿಯ ಜೀವನವಿದೆ, ಶ್ರಮವಿದೆ, ಔದಾರ್ಯವಿದೆ. ಹುಡುಕುವ ವಿಧಾನದಲ್ಲಿ ಚಿಕ್ಕ ದೋಷವಿದ್ದರೂ ಇದ್ದವರು ಇಲ್ಲದವರಾಗುತ್ತಾರೆ. ಲೂನರ ಜೀವನದಿಂದ ನಾನು ಕಲಿತ ಪಾಠವು ಇದೇ: ಕಾಣಲಿಲ್ಲವೆಂಬ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಬಾರದು; ಕೇಳಿದ ರೀತಿ ಸರಿಯಾಗಿತ್ತೇ ಎಂದು ಮೊದಲು ನೋಡಿಕೊಳ್ಳಬೇಕು. ಅಂದು ಯಂತ್ರಕ್ಕೆ ಕಾಣದೆ ಹೋದ ಆ ಹಿರಿಯ ದಾನಿಗಳ ಹೆಸರು ಈ ಸಂಪುಟದ ಯಾದಿಯಲ್ಲಿ ತನ್ನ ಸ್ಥಾನದಲ್ಲಿ ಮುದ್ರಿತವಾಗಿದೆ. ಹಳೆಯ ವಿದ್ಯಾರ್ಥಿ ಬಾಂಧವರು ತಮ್ಮ ತಮ್ಮ ಹೆಸರುಗಳನ್ನೂ ಒಮ್ಮೆ ನೋಡಿಕೊಂಡು, ಲೋಪವೇನಾದರೂ ಉಳಿದಿದ್ದರೆ ಕಾರ್ಯಾಲಯಕ್ಕೆ ತಿಳಿಸಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.